ಪಬ್ಬಿನ ಬಾಗಿಲು ತೆರೆದ ಮೇಲೆ

ಇಂಗ್ಲೆಂಡಿನಲ್ಲಿ ಬಣ್ಣದ ನೆಪದಲ್ಲಿ ಮುಚ್ಚಿದ್ದ ಪಬ್ಬಿನ ಬಾಗಿಲನ್ನು ಪಂಜಾಬಿನ ಕೂಲಿಕಾರರು ಹೋರಾಡಿ ತೆರೆಸಿದರು. ಮೂರು ದಶಕಗಳು ಕಳೆಯುವಷ್ಟರಲ್ಲಿ ಅದೇ ಸೀಮೆಯ ಆಸ್ಪತ್ರೆಗಳಲ್ಲಿ ಅವರ ಯಕೃತ್ತು ಸೋತಿತ್ತು. ಹಾಗಾದರೆ ಪರದೇಶಕ್ಕೆ ಹೋದವರೆಲ್ಲ ಕುಡಿದು ಸಾಯುತ್ತಾರೆಯೆ? ಮರಣದ ಲೆಕ್ಕಪುಸ್ತಕ ಹೇಳುವುದು ಬೇರೆಯೇ ಕಥೆ!

1965ನೆಯ ಇಸವಿ ಫೆಬ್ರವರಿ 12ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಒತ್ತಿಕೊಂಡಂತಿರುವ ಸ್ಮೆದಿಕ್ ಎಂಬ ಎರಕದ ಕಾರ್ಖಾನೆಗಳ ಪಟ್ಟಣದಲ್ಲಿ, ಎತ್ತರದ ನಿಲುವಿನ, ಕನ್ನಡಕ ಧರಿಸಿದ ಕಪ್ಪುವರ್ಣದ ಅಮೆರಿಕನ್ ಅತಿಥಿಯೊಬ್ಬರು ಭಾರತೀಯ ಕಾರ್ಮಿಕ ಮುಖಂಡರೊಡನೆ ‘ಬ್ಲೂ ಗೇಟ್ಸ್’ ಎಂಬ ಪಬ್ಬಿನ ಬಾಗಿಲನ್ನು ತಳ್ಳಿಕೊಂಡು ಒಳಹೊಕ್ಕರು. ಒಳಕೋಣೆಯಲ್ಲಿ ಇಂಥವರಿಗೆ ಏನನ್ನೂ ಕೊಡುವ ಪದ್ಧತಿಯಿಲ್ಲವೆಂದು ಅಂಗಡಿಯವರು ಕೈಯಾಡಿಸಿದರು. ಅದು ಬಿಳಿಯರಿಗೆ ಮೀಸಲಾದ ಜಾಗ. ಸಾಮಾನ್ಯರ ಬಾರಿನ ಕಡೆಗೆ ಹೋಗಿ ನಿಂತುಕೊಳ್ಳಲು ಮಾತ್ರ ಅಡ್ಡಿಯಿರಲಿಲ್ಲ.

ಅತಿಥಿಯ ಹೆಸರು ಮ್ಯಾಲ್ಕಂ ಎಕ್ಸ್, ಅಮೆರಿಕದ ಕಪ್ಪುಜನರ ಹಕ್ಕುಗಳ ಹೋರಾಟಗಾರ. ಕರೆದೊಯ್ದವರು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನವರು, ಅವರಲ್ಲಿ ಮುಂದಾಳು ಜಲಂಧರ ಸೀಮೆಯಿಂದ ಬಂದು ಫೌಂಡ್ರಿಯಲ್ಲಿ ದುಡಿಯುತ್ತಿದ್ದ ಅವತಾರ್ ಸಿಂಗ್ ಜೌಹಲ್. ಇಸ್ಲಾಮನ್ನು ಅವಲಂಬಿಸಿದ್ದ ಮ್ಯಾಲ್ಕಂ ಮದ್ಯವನ್ನು ಮುಟ್ಟುತ್ತಿದ್ದವರಲ್ಲ. ತಾನು ಮುಟ್ಟದ ಪಾನೀಯವನ್ನು ಇತರರು ಸಮಾನರಾಗಿ ಕುಳಿತು ಕುಡಿಯುವ ಹಕ್ಕಿಗಾಗಿ ಒಬ್ಬ ಮನುಷ್ಯ ಅಂದು ಅಲ್ಲಿ ನಿಂತದ್ದು, ಅದಾದ ಒಂಬತ್ತು ದಿನಗಳಿಗೆ ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದದ್ದು, ಎರಡೂ ಈಗ ಅರುವತ್ತು ವರ್ಷಗಳಿಗೆ ಹಿಂದಿನ ಇತಿಹಾಸ.

ಸ್ಮೆದಿಕ್ಕಿನ ಹೆಸರು ಆಗ ಬ್ರಿಟನ್ನಿನಲ್ಲೆಲ್ಲ ಕೆಟ್ಟ ಕಾರಣಕ್ಕಾಗಿ ಪ್ರಸಿದ್ಧವಾಗಿದ್ದಿತು. ಅದಕ್ಕೆ ಹಿಂದಿನ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ವಲಸಿಗರ ಮೇಲಿನ ದ್ವೇಷವನ್ನೇ ಬಂಡವಾಳ ಮಾಡಿಕೊಂಡ ಪ್ರಚಾರದ ನಡುವೆ ಕನ್ಸರ್ವೇಟಿವ್ ಪಕ್ಷದ ಪೀಟರ್ ಗ್ರಿಫಿತ್ಸ್ ಅಲ್ಲಿ ಗೆದ್ದುಬಂದಿದ್ದನು. ಮಾರ್ಷಲ್ ಸ್ಟ್ರೀಟಿನಲ್ಲಿ ಮಾರಾಟಕ್ಕೆ ಬಂದ ಮನೆಗಳನ್ನು ಪುರಸಭೆಯೇ ಕೊಂಡು ಬಿಳಿಯ ಕುಟುಂಬಗಳಿಗೆ ಮಾತ್ರ ಕೊಡಬೇಕೆಂಬ ಆಲೋಚನೆ ನಡೆದಿದ್ದಿತು. ಇಂಥ ಊರಿನಲ್ಲಿ ಪಬ್ಬುಗಳು ಕಪ್ಪು, ಕಂದು ಬಣ್ಣದವರನ್ನು ಬೇರೆ ಕೋಣೆಗೆ ದಬ್ಬುತ್ತಿದ್ದುದರಲ್ಲಿ ಆಶ್ಚರ್ಯವೇನು?

ಜೌಹಲ್ ಮತ್ತು ಅವರ ಸಂಗಡಿಗರು ಇದಕ್ಕೆ ಒಂದು ಸೊಗಸಾದ ಉಪಾಯವನ್ನು ಹೂಡಿದ್ದರು. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಬಿಳಿಯ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಪಬ್ಬಿನಿಂದ ಪಬ್ಬಿಗೆ ಹೋಗುವುದು. ಬಿಳಿಯನು ಕೇಳಿದ ಬಿಯರ್ ಕೈಗೆ ಬಂದು, ಅದೇ ಮೇಜಿನ ಮುಂದೆ ನಿಂತ ಭಾರತೀಯನಿಗೆ ಇಲ್ಲವೆಂಬ ಉತ್ತರ ಬಂದರೆ, ಅದನ್ನು ಸಾಕ್ಷಿಸಮೇತ ಹಿಡಿದು ಪಬ್ಬಿನ ಲೈಸೆನ್ಸಿಗೆ ತಕರಾರು ಎತ್ತುವುದು. 1965ರ ಕೊನೆಯ ಹೊತ್ತಿಗೆ ಜಾರಿಗೆ ಬಂದ ರೇಸ್ ರಿಲೇಷನ್ಸ್ ಆ್ಯಕ್ಟ್ ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ಕಾನೂನುಬಾಹಿರವೆಂದು ಸಾರಿತು. ಬಾಗಿಲು ತೆರೆಯಿತು. ಮುಂದೆ ಹಲವು ಪಬ್ಬುಗಳನ್ನು ಪಂಜಾಬಿಗಳೇ ಕೊಂಡರು. ಸಾಸಿವೆ ಎಣ್ಣೆಯ ವಾಸನೆ, ಕೆಂಡದ ಮೇಲೆ ಸುಟ್ಟ ಕೋಳಿ, ಭಾಂಗ್ರಾ ಸಂಗೀತ ಇವುಗಳಿಂದ ತುಂಬಿದ ‘ದೇಸಿ ಪಬ್ಬು’ಗಳು ಇಂದು ಆ ಸೀಮೆಯ ಹೆಮ್ಮೆ. ಈ ಹೋರಾಟದ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು, ನಾನಂತೂ ಅಲ್ಲಗಳೆಯುವುದಿಲ್ಲ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1993ರಿಂದ 2000ದವರೆಗೆ ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರಾಂತದಲ್ಲಿ ಯಕೃತ್ತಿನ ಕಾಯಿಲೆಯಿಂದ ಸತ್ತವರ ಲೆಕ್ಕವನ್ನು ವೈದ್ಯರು ತೆಗೆದು, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ವಯಸ್ಸಿನ ವ್ಯತ್ಯಾಸವನ್ನು ಸರಿಹೊಂದಿಸಿ ನೋಡಿದಾಗ, ಮದ್ಯದಿಂದ ಯಕೃತ್ತು ಕೆಟ್ಟು ಸಾಯುವ ಸಂಭವವು ಅಲ್ಲಿಯ ಏಷ್ಯನ್ ಮೂಲದ ಗಂಡಸರಲ್ಲಿ ಬಿಳಿಯ ಗಂಡಸರಿಗಿಂತ ಮೂರೂವರೆ ಪಟ್ಟಿಗೂ ಮಿಗಿಲಾಗಿದ್ದಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ‘ಏಷ್ಯನ್’ ಎಂಬ ಆ ಒಂದೇ ಮಾತಿನೊಳಗೆ ಪಾಕಿಸ್ತಾನದ ಮೀರ್‌ಪುರದಿಂದಲೂ ಬಾಂಗ್ಲಾದೇಶದ ಸಿಲ್ಹೆಟ್ಟಿನಿಂದಲೂ ಬಂದ, ಬಹುಮಟ್ಟಿಗೆ ಮದ್ಯವನ್ನು ಮುಟ್ಟದ ಮುಸಲ್ಮಾನರೂ ಸೇರಿದ್ದರು. ಅವರನ್ನೂ ಕೂಡಿಸಿಕೊಂಡು ಇಷ್ಟು ಎತ್ತರಕ್ಕೆ ಏರಿದ ಸರಾಸರಿಯ ಭಾರವೆಲ್ಲವೂ ಉಳಿದವರ, ಎಂದರೆ ಮುಖ್ಯವಾಗಿ ಪಂಜಾಬಿಗಳ, ತಲೆಯ ಮೇಲೆ ಬೀಳುತ್ತದೆ. ಪಂಜಾಬಿಗಳನ್ನು ಬೇರ್ಪಡಿಸಿ ಎಣಿಸಿದ್ದರೆ ಸಂಖ್ಯೆ ಇನ್ನಷ್ಟು ಘೋರವಾಗಿ ಕಾಣುತ್ತಿದ್ದಿತೆಂದು ಊಹಿಸಲು ಗಣಿತಶಾಸ್ತ್ರದ ಪಾಂಡಿತ್ಯ ಬೇಕಿಲ್ಲ.

ವಲಸೆಗಾರ ಎಂಬ ಹೆಸರಿನ ಕೆಳಗೆ

ಇಷ್ಟನ್ನೇ ಓದಿ, ಪರದೇಶವಾಸವೆಂದರೆ ಏಕಾಂತ, ಏಕಾಂತವೆಂದರೆ ಬಾಟಲಿ, ಬಾಟಲಿಯೆಂದರೆ ಮರಣ ಎಂದು ಸೂತ್ರ ಕಟ್ಟಿಬಿಡುವುದು ಸುಲಭ. ವಲಸಿಗರನ್ನು ಕಂಡರಾಗದವರು ಅವರು ಕುಡುಕರೆಂದು ಈ ಸೂತ್ರವನ್ನು ಬಳಸುತ್ತಾರೆ. ವಲಸಿಗರ ಮೇಲೆ ಕನಿಕರವುಳ್ಳವರು ಅವರು ದುಃಖಿಗಳೆಂದು ಇದನ್ನೇ ಬಳಸುತ್ತಾರೆ. ಇಬ್ಬರೂ ಲೆಕ್ಕವನ್ನು ನೋಡಿದವರಲ್ಲ.

ಪಶ್ಚಿಮದ ಸಿರಿವಂತ ದೇಶಗಳಲ್ಲಿ ಪರದೇಶದಲ್ಲಿ ಹುಟ್ಟಿ ಬಂದವರನ್ನೆಲ್ಲ ಒಂದು ಕಡೆಗೂ, ಅಲ್ಲಿಯೇ ಹುಟ್ಟಿ ಬೆಳೆದವರನ್ನು ಇನ್ನೊಂದು ಕಡೆಗೂ ಇಟ್ಟು ತೂಗಿದರೆ, ಮದ್ಯದಿಂದಾಗುವ ಸಾವು ಹೆಚ್ಚಾಗಿ ಕಾಣುವುದು ಸಾಮಾನ್ಯವಾಗಿ ನೆಲದ ಮಕ್ಕಳಲ್ಲಿಯೇ. ಅಮೆರಿಕದಲ್ಲಿ ಆನ್ ಕೇಸ್ ಮತ್ತು ಆಂಗಸ್ ಡೀಟನ್ ಎಂಬ ಅರ್ಥಶಾಸ್ತ್ರಜ್ಞ ದಂಪತಿಗಳು 2015ರಲ್ಲಿ ಜಗತ್ತಿನ ಗಮನಕ್ಕೆ ತಂದ ‘ಹತಾಶೆಯ ಸಾವು’ಗಳು, ಎಂದರೆ ಮಾದಕದ್ರವ್ಯ, ಆತ್ಮಹತ್ಯೆ ಮತ್ತು ಮದ್ಯಜನ್ಯ ಯಕೃತ್ತಿನ ಕಾಯಿಲೆಗಳಿಂದಾದ ಸಾವುಗಳು, ಏರುತ್ತಿದ್ದುದು ಹೊಸದಾಗಿ ಬಂದವರಲ್ಲಲ್ಲ, ಕಾಲೇಜಿನ ಮೆಟ್ಟಿಲನ್ನು ದಾಟದ, ನಡುವಯಸ್ಸಿನ ಬಿಳಿಯ ಅಮೆರಿಕನ್ನರಲ್ಲಿ.

ಸ್ಕಾಟ್ಲೆಂಡಿನ ಸಂಗತಿಯನ್ನು ನೋಡಿರಿ. ಜನಸಂಖ್ಯೆಗೆ ಹೋಲಿಸಿದರೆ ಬ್ರಿಟನ್ನಿನಲ್ಲಿ ಮದ್ಯಕ್ಕೆ ಹೆಚ್ಚು ಬಲಿ ಕೊಡುತ್ತಿರುವ ನಾಡುಗಳಲ್ಲಿ ಅದೇ ಮುಂದು; 2023ರಲ್ಲಿ ಅಲ್ಲಿ ಮದ್ಯವೊಂದೇ ನೇರ ಕಾರಣವಾಗಿ ಸತ್ತವರು 1,277 ಮಂದಿ. ಆ ನಾಡಿನಲ್ಲಿ ನೆಲೆಸಿದ ಪಾಕಿಸ್ತಾನ ಸಂಜಾತರಲ್ಲಿ ಈ ಸಾವು ಬಹಳ ವಿರಳ. ಪಕ್ಕದ ಇಂಗ್ಲೆಂಡಿನಲ್ಲಿ ಹುಟ್ಟಿ ಅಲ್ಲಿಗೆ ಹೋದವರೂ ಸ್ಕಾಟರಷ್ಟು ಸಾಯುವುದಿಲ್ಲ. ಸ್ಕಾಟರು ಗಡಿ ದಾಟಿ ಇಂಗ್ಲೆಂಡಿಗೆ ಬಂದರೆ ಮಾತ್ರ ತಮ್ಮ ಊರಿನ ರೂಢಿಯನ್ನೂ ಗಂಟು ಕಟ್ಟಿಕೊಂಡೇ ಬರುತ್ತಾರೆ. ಇಂಗ್ಲೆಂಡಿನಲ್ಲಿ ದೀರ್ಘಕಾಲದಿಂದ ಮದ್ಯದ ಮರಣಪಟ್ಟಿಯಲ್ಲಿ ಎದ್ದು ಕಾಣುವ ‘ಹೊರಗಿನವರು’ ಈ ಸ್ಕಾಟರು ಮತ್ತು ಐರಿಷರು. ವೀಸಾ ಬೇಡದ, ಬಣ್ಣದಿಂದ ಗುರುತು ಹಿಡಿಯಲಾಗದ, ವಲಸೆಯ ವಿರುದ್ಧ ಭಾಷಣ ಮಾಡುವವರ ನಾಲಗೆಗೆ ಎಂದೂ ಬಾರದ ನೆರೆಯವರು!

ನೆಲದ ಮಕ್ಕಳಿಗಿಂತ ಬಂದವರು ಕಡಮೆ ಸಾಯುವುದಕ್ಕೆ ಕಾರಣಗಳು ಹಲವು. ಊರು ಬಿಟ್ಟು ಸಾವಿರಾರು ಮೈಲಿ ಹೊರಡುವವನು ಸಾಮಾನ್ಯವಾಗಿ ಎಳೆಯ, ಗಟ್ಟಿಮುಟ್ಟಾದ ಆಳು. ರೋಗಿಷ್ಠನಿಗೆ ಆ ಧೈರ್ಯವೂ ಇಲ್ಲ, ಅನೇಕ ವೇಳೆ ಪರವಾನಗಿಯೂ ಇಲ್ಲ. ಕುಡಿತವನ್ನು ನಿಷೇಧಿಸಿದ ಮತಗಳಲ್ಲಿ, ಹೆಂಗಸರು ಬಟ್ಟಲನ್ನು ಮುಟ್ಟದ ಮನೆಗಳಲ್ಲಿ ಬೆಳೆದವರು ಆ ಸಂಯಮವನ್ನೂ ಜೊತೆಗೆ ಒಯ್ಯುತ್ತಾರೆ. ಇವಲ್ಲದೆ ಲೆಕ್ಕದ ಒಂದು ಚಮತ್ಕಾರವೂ ಇದೆ: ಕಾಯಿಲೆ ಬಿದ್ದ ವಲಸಿಗನು ಕೊನೆಗಾಲವನ್ನು ತಾಯ್ನೆಲದಲ್ಲಿ ಕಳೆಯಬೇಕೆಂದು ಹಿಂದಿರುಗಿದರೆ, ಅವನ ಸಾವು ಎರಡೂ ದೇಶಗಳ ಪಟ್ಟಿಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ.

> ಸಾವನ್ನು ಎಣಿಸುವ ಬಗೆ
> ಮದ್ಯದಿಂದ ಸತ್ತವರನ್ನು ಎಣಿಸುವ ಕೆಲಸ ಮರಣಪತ್ರದಿಂದ ಮೊದಲಾಗುತ್ತದೆ. ವೈದ್ಯನು ಬರೆದ ಕಾರಣವನ್ನು ಅಂತರರಾಷ್ಟ್ರೀಯ ರೋಗಪಟ್ಟಿಯ ಸಂಕೇತಕ್ಕೆ ಇಳಿಸುತ್ತಾರೆ. ಮದ್ಯಜನ್ಯ ಯಕೃತ್ತಿನ ರೋಗಕ್ಕೆ ಅಲ್ಲಿ ಕೆ-70 ಎಂಬ ಅಂಕ. 2024ರವರೆಗೆ ಇಂಗ್ಲೆಂಡಿನ ಮರಣಪತ್ರದಲ್ಲಿ ಸತ್ತವನು ಹುಟ್ಟಿದ ದೇಶವನ್ನು ಬರೆಯುತ್ತಿದ್ದರೇ ಹೊರತು ಅವನ ಜನಾಂಗವನ್ನು ಬರೆಯುತ್ತಿರಲಿಲ್ಲ. ಆದುದರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಪಂಜಾಬಿಯು ಈ ಲೆಕ್ಕಪುಸ್ತಕದಲ್ಲಿ ಅಪ್ಪಟ ಆಂಗ್ಲನೇ ಆಗಿದ್ದನು. ಈ ತೊಡಕನ್ನು ದಾಟಲು ಸಂಶೋಧಕರು ಹೆಸರುಗಳನ್ನು ನೋಡಿ ಮೂಲವನ್ನು ಊಹಿಸುವುದುಂಟು. ಅದಕ್ಕಾಗಿ ಬ್ರಾಡ್‌ಫರ್ಡಿನಲ್ಲಿ ಸಿದ್ಧವಾದ ಕಂಪ್ಯೂಟರ್ ಪ್ರೋಗ್ರಾಮಿಗೆ ‘ನಾಮ್ ಪೆಹಚಾನ್’ (ಹೆಸರಿನ ಗುರುತು) ಎಂದೇ ಹೆಸರು. ಬ್ರಿಟನ್ನಿನಲ್ಲಿ ಮದ್ಯವೇ ನೇರ ಕಾರಣವಾದ ಸಾವುಗಳು 2019ರಲ್ಲಿ 7,565 ಇದ್ದವು, 2023ರಲ್ಲಿ 10,473ಕ್ಕೆ ಏರಿದವು.

ಒಂದೇ ಅಂಗಡಿ, ಎರಡು ಪರಿಣಾಮ

ಸಂಯಮವನ್ನು ಒಯ್ಯಬಹುದಾದರೆ ಅಸಂಯಮವನ್ನೂ ಒಯ್ಯಬಹುದಷ್ಟೆ. ಇದಕ್ಕೆ ಫಿನ್ಲೆಂಡಿನವರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

1954ರಲ್ಲಿ ಉತ್ತರ ಯುರೋಪಿನ ನಾರ್ಡಿಕ್ ದೇಶಗಳು ತಮ್ಮತಮ್ಮೊಳಗೆ ಎಲ್ಲಿ ಬೇಕಾದರೂ ದುಡಿಯಬಹುದೆಂದು ಒಪ್ಪಂದ ಮಾಡಿಕೊಂಡ ಮೇಲೆ, ಹೊಲಗಳಲ್ಲಿಯೂ ಮರ ಕಡಿಯುವ ಕಾಡುಗಳಲ್ಲಿಯೂ ಕೆಲಸ ಬತ್ತಿಹೋಗಿದ್ದ ಫಿನ್ಲೆಂಡಿನಿಂದ ಸ್ವೀಡನ್ನಿನ ಕಾರ್ಖಾನೆಗಳಿಗೆ ಜನಪ್ರವಾಹವೇ ಹರಿಯಿತು. 1969 ಮತ್ತು 1970, ಈ ಎರಡೇ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 40,000 ಮಂದಿ ಬಾಲ್ಟಿಕ್ ಸಮುದ್ರವನ್ನು ದಾಟಿದರು. ಗೋಥೆನ್‌ಬರ್ಗಿನ ಮೋಟಾರು ಕಾರ್ಖಾನೆ, ಬೋರೋಸಿನ ಬಟ್ಟೆಗಿರಣಿ, ಎಸ್ಕಿಲ್‌ಸ್ಟೂನಾದ ಉಕ್ಕಿನ ಕೆಲಸ, ಎಲ್ಲೆಲ್ಲಿಯೂ ಫಿನ್ನಿಷ್ ಮಾತು. ಭಾಷೆ ಬಾರದ, ಮಾತು ಕಡಮೆಯ, ವಾರವೆಲ್ಲ ಯಂತ್ರದ ಮುಂದೆ ನಿಂತು ಶನಿವಾರ ಮೈಮರೆಯುವವರೆಗೆ ಕುಡಿಯುವ ಈ ಜನರಲ್ಲಿ ಕೆಲವರು ಸ್ಟಾಕ್‌ಹೋಮಿನ ಸ್ಲುಸೆನ್ ಎಂಬ ಜಾಗದಲ್ಲಿ ಬಾಟಲಿ ಹಿಡಿದು ಬಿದ್ದಿರುತ್ತಿದ್ದುದರಿಂದ, ಇಡೀ ಸಮುದಾಯಕ್ಕೇ ಅದು ಅಂಟಿಕೊಂಡ ಅಪಕೀರ್ತಿಯಾಯಿತು.

ಅಪಕೀರ್ತಿಯಲ್ಲಿ ಅತಿಶಯೋಕ್ತಿ ಇದ್ದಿತು, ಅಸತ್ಯವಿರಲಿಲ್ಲ. ಸ್ವೀಡನ್ನಿನಲ್ಲಿ ಪ್ರತಿಯೊಬ್ಬ ನಿವಾಸಿಗೂ ಒಂದು ಗುರುತಿನ ಸಂಖ್ಯೆಯಿದ್ದು, ಜನನ, ಆಸ್ಪತ್ರೆ, ಮರಣಗಳ ದಾಖಲೆಗಳನ್ನು ಒಂದಕ್ಕೊಂದು ಹೆಣೆಯಬಹುದಾದುದರಿಂದ ಅಲ್ಲಿಯ ಲೆಕ್ಕ ಬಲು ಕರಾರುವಾಕ್ಕು. ಆ ಲೆಕ್ಕದಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದವರು ಮದ್ಯದ ಕಾಯಿಲೆಗಳಲ್ಲಿ ಸ್ವೀಡರಿಗಿಂತ ಸ್ಪಷ್ಟವಾಗಿ ಮುಂದು. ದಕ್ಷಿಣ ಯುರೋಪಿನಿಂದಲೂ ಮಧ್ಯಪ್ರಾಚ್ಯದಿಂದಲೂ ಬಂದವರು ಅಷ್ಟೇ ಸ್ಪಷ್ಟವಾಗಿ ಹಿಂದು. ಎಲ್ಲರೂ ‘ವಲಸಿಗರು’. ಎಲ್ಲರೂ ಮದ್ಯವನ್ನು ಬಹುಮಟ್ಟಿಗೆ ಕೊಳ್ಳುವುದು ಸಿಸ್ಟಂಬೊಲಾಗೆಟ್ ಎಂಬ ಒಂದೇ ಸರ್ಕಾರಿ ಅಂಗಡಿಯಲ್ಲಿ, ಒಂದೇ ಬೆಲೆಗೆ.

ಹಾಗೆಂದು ಇದು ಫಿನ್ನರ ರಕ್ತದ ದೋಷವೆನ್ನಬಹುದೆ? ಅದಕ್ಕೂ ಫಿನ್ಲೆಂಡೇ ಉತ್ತರ ಕೊಡುತ್ತದೆ. ಆ ದೇಶದೊಳಗೇ ಸ್ವೀಡಿಷ್ ಮಾತನಾಡುವ ಸಣ್ಣ ಸಮುದಾಯವೊಂದಿದೆ. ಅದೇ ಹಿಮ, ಅದೇ ಕಾನೂನು, ಅದೇ ಮದ್ಯ. ಆದರೂ ಅವರಲ್ಲಿ ಮದ್ಯದ ಸಾವು ಫಿನ್ನಿಷ್ ಮಾತಿನವರಿಗಿಂತ ಎಷ್ಟೋ ಕಡಮೆ. ಒತ್ತಾದ ಬಂಧುಬಳಗ, ಸಂಘಸಂಸ್ಥೆಗಳು, ಕುಡಿದು ಬಿದ್ದವನನ್ನು ನೋಡುವ ನೆರೆಯವರ ಕಣ್ಣು, ಇಂಥವು ಅಲ್ಲಿ ಕೆಲಸ ಮಾಡುತ್ತವೆಂದು ಬಲ್ಲವರು ಹೇಳುತ್ತಾರೆ.

ಬೆಲೆಯ ಮತ್ತು ಸುಲಭ ಲಭ್ಯತೆಯ ಪ್ರಭಾವವನ್ನು ತಿಳಿಯಲೂ ಫಿನ್ಲೆಂಡಿಗೇ ಹೋಗಬೇಕು. 1969ರ ಮೊದಲ ದಿನದಿಂದ ಕಿರಾಣಿ ಅಂಗಡಿಗಳಲ್ಲಿ ಮಧ್ಯಮ ಬಿಯರನ್ನು ಮಾರಬಹುದೆಂದು ಕಾನೂನು ಸಡಿಲಿಸಿದಾಗ ಒಂದೇ ವರ್ಷದಲ್ಲಿ ಮದ್ಯದ ಬಳಕೆ ಶೇ. 46ರಷ್ಟು ಏರಿತು. 2004ರಲ್ಲಿ ನೆರೆಯ ಎಸ್ಟೋನಿಯಾ ಯುರೋಪಿಯನ್ ಒಕ್ಕೂಟವನ್ನು ಸೇರುವುದೆಂದೂ, ಜನ ಹಡಗಿನಲ್ಲಿ ಹೋಗಿ ಅಲ್ಲಿಯ ಅಗ್ಗದ ವೋಡ್ಕಾವನ್ನು ಹೊತ್ತು ತರುವರೆಂದೂ ಹೆದರಿದ ಸರ್ಕಾರ ತಾನೇ ಮದ್ಯದ ಸುಂಕವನ್ನು ಸರಾಸರಿ ಮೂರನೆಯ ಒಂದು ಭಾಗದಷ್ಟು ಇಳಿಸಿತು. ಅದೇ ವರ್ಷ ಯಕೃತ್ತಿನ ಸಾವುಗಳು ಮೇಲಕ್ಕೆ ನೆಗೆದವು, ಮರುವರ್ಷವೇ ದುಡಿಯುವ ವಯಸ್ಸಿನ ಗಂಡಸರಿಗೆ ಮದ್ಯವು ಮೃತ್ಯುವಿನ ಪ್ರಥಮ ಕಾರಣವಾಯಿತು.

ಎರಕದ ಬೆಂಕಿ, ಹಂಚಿಕೊಂಡ ಹಾಸಿಗೆ

ಸ್ಮೆದಿಕ್ಕಿಗೆ ಹಿಂದಿರುಗೋಣ. 1950ರ ದಶಕದ ಕೊನೆಯಲ್ಲಿ ಜಲಂಧರ, ಹೋಶಿಯಾರ್‌ಪುರದ ಕಡೆಯ ರೈತರ ಮಕ್ಕಳು ಅಲ್ಲಿಗೆ ಬಂದಾಗ ಹೆಂಡಿರು ಮಕ್ಕಳು ಊರಿನಲ್ಲಿಯೇ ಉಳಿದಿದ್ದರು. ಒಂದೊಂದು ಮನೆಯಲ್ಲಿ ಹತ್ತು ಹನ್ನೆರಡು ಗಂಡಸರು. ರಾತ್ರಿಪಾಳಿ ಮುಗಿಸಿ ಬಂದವನು ಹಗಲುಪಾಳಿಗೆ ಹೊರಟವನ ಹಾಸಿಗೆಯಲ್ಲಿ, ಅದರ ಕಾವು ಆರುವ ಮುನ್ನವೇ, ಮಲಗುತ್ತಿದ್ದನು. ಕರಗಿದ ಕಬ್ಬಿಣದ ಮುಂದೆ ಎಂಟು ಹತ್ತು ಗಂಟೆ ನಿಂತು ಬೆವರು ಹರಿಸಿದವನಿಗೆ ಬಿಯರ್ ಬಾಯಾರಿಕೆಗೆ ಔಷಧವೆಂಬ ನಂಬಿಕೆ ಆ ಕಾರ್ಖಾನೆಗಳಲ್ಲಿ ಬಿಳಿಯರಿಗೂ ಇದ್ದಿತು. ಬೆಚ್ಚಗಿನ ಕೋಣೆ, ಬೆಳಕು, ತನ್ನ ಮಾತಾಡುವ ಜನ, ಮುಂದಿನ ಕೆಲಸದ ಸುದ್ದಿ, ಸಂಘದ ಸಭೆ, ಇವಿಷ್ಟೂ ಒಂದೇ ಸೂರಿನ ಕೆಳಗೆ ದೊರೆಯುತ್ತಿದ್ದ ಜಾಗ ಪಬ್ಬು ಒಂದೇ. ಐರಿಷ್ ಕೂಲಿಗಳ ಸ್ಥಿತಿ ಲಂಡನ್ನಿನಲ್ಲಿ ಇದಕ್ಕಿಂತ ಕೆಟ್ಟದಾಗಿದ್ದಿತು. ರಸ್ತೆ ಅಗೆಯುವವರ ವಾರದ ಕೂಲಿಯ ಚೆಕ್ಕನ್ನು ನಗದು ಮಾಡಿಕೊಡುತ್ತಿದ್ದವನು ಪಬ್ಬಿನ ಮಾಲೀಕನೇ ಆದುದರಿಂದ, ಹಣ ಕೈಗೆ ಬರುವ ಮುನ್ನವೇ ಅದರ ಒಂದು ಪಾಲು ಹೊಟ್ಟೆಗೆ ಇಳಿದಿರುತ್ತಿದ್ದಿತು.

ಪಂಜಾಬಿನ ಹಳ್ಳಿಯಲ್ಲಿ ಮದ್ಯವು ಹೊಸದೇನೂ ಆಗಿರಲಿಲ್ಲ. ಮನೆಯಲ್ಲಿ ಬಟ್ಟಿಯಿಳಿಸಿದ್ದು, ಸೇನೆಯಲ್ಲಿದ್ದ ಚಿಕ್ಕಪ್ಪ ತಂದ ರಮ್ಮು, ಮದುವೆಯ ಮನೆಯ ಔದಾರ್ಯ, ಇವೆಲ್ಲ ಗಂಡಸುತನದ ಲಕ್ಷಣಗಳಾಗಿದ್ದವು. ಆದರೆ ಅಲ್ಲಿ ಬಾಟಲಿಯ ಬೆಲೆ ಜೇಬಿಗೆ ಮಿತಿ ಹಾಕುತ್ತಿದ್ದಿತು, ಬೆಳಗಿನ ಹೊಲ ಕಾಯುತ್ತಿದ್ದಿತು, ಕಟ್ಟೆಯ ಮೇಲೆ ಹಿರಿಯರು ಕುಳಿತಿರುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಸಂಬಳದಲ್ಲಿ ವಿಸ್ಕಿ ದಿನನಿತ್ಯದ ಪದಾರ್ಥವಾಯಿತು. ಕುಟುಂಬ ಬಂದು ಸೇರಿದ ಮೇಲೆ ಕುಡಿತ ಪಬ್ಬಿನಿಂದ ಮನೆಯ ಮುಂಗೋಣೆಗೆ ಬಂದಿತು. ಮದುವೆಯ ಊಟದಲ್ಲಿ ಮೇಜಿಗೊಂದು ವಿಸ್ಕಿ ಬಾಟಲಿ ಇರಿಸುವುದು ಮರ್ಯಾದೆಯ ಕನಿಷ್ಠ ಪ್ರಮಾಣವಾಯಿತು. 1980ರ ದಶಕದ ಆರಂಭದಲ್ಲಿ ಫೌಂಡ್ರಿಗಳು ಒಂದರ ಹಿಂದೊಂದು ಮುಚ್ಚಿದಾಗ, ಐವತ್ತರ ವಯಸ್ಸಿನ, ಇಂಗ್ಲಿಷು ಅರೆಬರೆ ಬರುವ, ತೋಳಿನ ಬಲದ ಹೊರತು ಬೇರೆ ವಿದ್ಯೆ ಅರಿಯದ ಗಂಡಸರು ಕೆಲಸ ಕಳೆದುಕೊಂಡು ಉದ್ಯಾನದ ಬೆಂಚುಗಳಿಗೆ ಬಂದರು. ಬಾಟಲಿ ಮಾತ್ರ ಅವರನ್ನು ಬಿಡಲಿಲ್ಲ.

> ಬೀದರಿನ ಒಬ್ಬ
> 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಹರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಮುಂದೆ ಬಂದ ‘ಪಂಜ್ ಪ್ಯಾರೆ’ ಎಂಬ ಐವರಲ್ಲಿ ಒಬ್ಬನಾದ ಸಾಹಿಬ್ ಚಂದ್, ತರುವಾಯ ಭಾಯಿ ಸಾಹಿಬ್ ಸಿಂಗ್, ನಮ್ಮ ಬೀದರಿನವನು. ಆ ಪಂಥದ ನಡಾವಳಿಯ ಸಂಹಿತೆ ಮದ್ಯ, ಅಫೀಮು, ಭಂಗಿ, ತಂಬಾಕು ಎಲ್ಲವನ್ನೂ ಸಿಖ್ಖರಿಗೆ ನಿಷೇಧಿಸಿದೆ. ಶಾಸ್ತ್ರಕ್ಕೂ ರೂಢಿಗೂ ಇರುವ ಅಂತರ ಸಿಖ್ಖರದೊಂದೇ ಸೊತ್ತಲ್ಲವೆನ್ನಿ.

ಹೆಚ್ಚಿನವರು ಸಿಖ್ಖರಾಗಿದ್ದ ಈ ಪಂಜಾಬಿಗಳ ಕುಡಿತವನ್ನು ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ರೇಮಂಡ್ ಕಾಕ್ರೇನ್ ಮತ್ತು ಸುಖ್‌ವಂತ್ ಬಲ್ ಎಂಬುವರು ಮನೆಮನೆಗೆ ಹೋಗಿ ಕೇಳಿ, 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದತಕ್ಕದ್ದು. ಸಿಖ್, ಹಿಂದೂ, ಮುಸ್ಲಿಂ, ಬಿಳಿಯ, ಈ ನಾಲ್ಕು ಬಗೆಯ ಗಂಡಸರನ್ನು ಅವರು ಹೋಲಿಸಿದರು. ಮುಸಲ್ಮಾನರಲ್ಲಿ ಕುಡಿಯುವವರು ಬೆರಳೆಣಿಕೆಯಷ್ಟು. ಆದರೆ ಆ ಕೆಲವರು ಕುಡಿಯುತ್ತಿದ್ದುದು ವಿಪರೀತ. ಬಾಗಿಲು ಮುಚ್ಚಿಕೊಂಡು ಕುಡಿಯುವವನಿಗೆ ಸಾಕೆಂದು ಹೇಳುವ ಜೊತೆಗಾರನಿಲ್ಲವಲ್ಲ! ಸಿಖ್ಖರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದವರಿಗಿಂತ ಭಾರತದಲ್ಲಿ ಹುಟ್ಟಿ ಬಂದವರು, ಕಿರಿಯರಿಗಿಂತ ಹಿರಿಯರು, ಹೆಚ್ಚು ಕುಡಿಯುತ್ತಿದ್ದರು. ಬಿಳಿಯರ ಸಹವಾಸದಿಂದ ನಮ್ಮ ಹುಡುಗರು ಕೆಟ್ಟರೆಂದು ಗುರುದ್ವಾರದ ಜಗಲಿಯಲ್ಲಿ ಕುಳಿತು ಕೊರಗುತ್ತಿದ್ದ ಹಿರಿಯರಿಗೆ ಈ ಫಲಿತಾಂಶ ಅಷ್ಟೇನೂ ರುಚಿಸಿರಲಾರದು.

‘ಒಂದೆರಡು’ ಎಂದರೆ ಎಷ್ಟು?

ಆಸ್ಪತ್ರೆಯಲ್ಲಿ ಈ ಕಥೆ ಬೇರೊಂದು ರೂಪ ತಾಳುತ್ತದೆ. ಕಣ್ಣಿನ ಬಿಳಿ ಅರಿಶಿನವಾಗಿದೆ; ಅಂಗೈ ಕೆಂಪಾಗಿದೆ, ಎದೆಯ ಮೇಲೆ ಸಣ್ಣ ರಕ್ತನಾಳಗಳು ಜೇಡನ ಕಾಲಿನಂತೆ ಹರಡಿವೆ; ತೋಳು ತೊಡೆಗಳು ಕರಗಿ ಹೊಟ್ಟೆ ಮಾತ್ರ ಜಲೋದರದಿಂದ ಬಿಗಿದಿದೆ. ಸೂಜಿಯ ಮೂಲಕ ಹೊರತೆಗೆಯುವ ನೀರು ಲೀಟರುಗಟ್ಟಲೆ. ಕೆಲವು ವಾರಗಳಲ್ಲಿ ಮತ್ತೆ ಅಷ್ಟೇ. ವೈದ್ಯ ಕೇಳುತ್ತಾನೆ: ದಿನಕ್ಕೆ ಎಷ್ಟು ಕುಡಿಯುತ್ತೀರಿ? ದುಭಾಷಿಯಾಗಿ ನಿಂತವನು ಸ್ವಂತ ಮಗ. ಅವನ ಮುಂದೆ ತಂದೆ ಏನು ಹೇಳಬೇಕು? “ಒಂದೆರಡು, ಅಷ್ಟೆ.” ವೈದ್ಯನು ಎರಡು ಎಂದು ಬರೆದುಕೊಳ್ಳುತ್ತಾನೆ.

ಅವನ ಲೆಕ್ಕದಲ್ಲಿ ಒಂದು ಯೂನಿಟ್ಟೆಂದರೆ 8 ಗ್ರಾಂ ಶುದ್ಧ ಮದ್ಯಸಾರ, ಪಬ್ಬಿನ ಅಳತೆಯ 25 ಮಿಲಿಲೀಟರು ವಿಸ್ಕಿ. ಮುಂಗೋಣೆಯಲ್ಲಿ ಕುಳಿತು ಉದ್ದನೆಯ ಲೋಟಕ್ಕೆ ಕೈಯಳತೆಯಲ್ಲಿ ಸುರಿದುಕೊಳ್ಳುವ ಪಟಿಯಾಲಾ ಪೆಗ್ಗಿನ ಮುಂದೆ ನಮ್ಮ ಬಾರುಗಳ ‘ನೈಂಟಿ’ಯೂ ನಾಚಬೇಕು, ಅಂಥ ಎರಡು ಎಂದರೆ ಎಂಟು ಹತ್ತು ಯೂನಿಟ್ಟು. ಬ್ರಿಟನ್ನಿನ ವೈದ್ಯಾಧಿಕಾರಿಗಳು 2016ರಿಂದ ವಾರವೊಂದಕ್ಕೆ ಹೇಳಿರುವ ಮಿತಿ 14. ಕುಡಿತದ ಜೊತೆಗೆ ನಮ್ಮ ಉಪಖಂಡದ ಜನರಿಗೆ ಸಹಜವೆಂಬಂತೆ ಬರುವ ಹೊಟ್ಟೆಯ ಬೊಜ್ಜು, ಸಕ್ಕರೆಕಾಯಿಲೆ ಇವೂ ಕೂಡಿದರೆ, ಕೊಬ್ಬು ತುಂಬಿದ ಯಕೃತ್ತಿನ ಮೇಲೆ ಮದ್ಯದ ಏಟು ಇಮ್ಮಡಿಯಾಗುತ್ತದೆ. ಒಂದೇ ಪ್ರಮಾಣದ ಮದ್ಯ ಎಲ್ಲರನ್ನೂ ಒಂದೇ ರೀತಿಯಲ್ಲಿ ಹಾಳುಮಾಡುವುದಿಲ್ಲ ಎಂಬುದಕ್ಕೆ ಇದೊಂದು ಕಾರಣ.

ಈ ಸೀಮೆಯ ಗಂಡಸರು ವೈದ್ಯನ ಬಳಿಗೆ ಬರುವುದೇ ತಡವಾಗಿ. ಕುಡಿತ ತಪ್ಪಲ್ಲ, ಕುಡಿತವನ್ನು ತಾಳಲಾರದೆ ಹೋದದ್ದು ತಪ್ಪು ಎಂಬ ವಿಚಿತ್ರ ನ್ಯಾಯ ಅವರದು. ಮಗಳ ಮದುವೆ ಮುಗಿಯುವವರೆಗೆ ಸುದ್ದಿ ಹೊರಗೆ ಹೋಗಬಾರದೆಂದು ಹೆಂಡತಿ ಮುಚ್ಚಿಡುತ್ತಾಳೆ. ಸ್ವತಃ ಹನಿ ಮುಟ್ಟದ ಆ ತಲೆಮಾರಿನ ಹೆಂಗಸರು, ಕಾರ್ಖಾನೆಯಲ್ಲೋ ಮನೆಯಲ್ಲಿಯೇ ಹೊಲಿಗೆ ಯಂತ್ರದ ಮುಂದೋ ದುಡಿದು ಸಾಲ ತೀರಿಸುತ್ತ, ರಾತ್ರಿ ಬಾಗಿಲು ಬಡಿಯುವ ಸದ್ದಿಗಾಗಿ ಎಚ್ಚರವಿದ್ದು ಕಳೆದ ವರ್ಷಗಳಿಗೆ ಯಾವ ರೋಗಪಟ್ಟಿಯಲ್ಲಿಯೂ ಸಂಕೇತಾಂಕವಿಲ್ಲ.

2018ರಲ್ಲಿ ಬಿಬಿಸಿ ನಡೆಸಿದ ಸಮೀಕ್ಷೆಯೊಂದರಲ್ಲಿ ಬ್ರಿಟನ್ನಿನ ಸಿಖ್ಖರಲ್ಲಿ ಶೇ. 27ರಷ್ಟು ಮಂದಿ ತಮ್ಮ ಕುಟುಂಬದಲ್ಲಿ ಮದ್ಯದ ಸಮಸ್ಯೆಯಿರುವವರು ಇದ್ದಾರೆಂದು ಒಪ್ಪಿಕೊಂಡರು. ಬಾಯಿಬಿಟ್ಟು ಹೇಳಿದವರೇ ಇಷ್ಟು ಮಂದಿಯಾದದ್ದು ಒಂದು ರೀತಿಯಲ್ಲಿ ಶುಭಶಕುನವೆನ್ನಬೇಕು. ಬರ್ಮಿಂಗ್‌ಹ್ಯಾಮಿನ ಸುತ್ತ ಪಂಜಾಬಿಯಲ್ಲಿಯೇ ಮಾತಾಡಿಸುವ ಸಲಹೆಗಾರರು ಈಗ ಇದ್ದಾರೆ. ಸಿಖ್ ರಿಕವರಿ ನೆಟ್‌ವರ್ಕಿನಂಥ ಬಳಗಗಳು ಒಮ್ಮೆ ತಾವೇ ಮುಳುಗಿ ಎದ್ದವರನ್ನು ಮುಂದಿಟ್ಟುಕೊಂಡು, ಗುರುದ್ವಾರದ ಆವರಣದಲ್ಲಿಯೂ ಈ ಮಾತನ್ನೆತ್ತುತ್ತಿವೆ. ಲಂಡನ್ನಿನ ಸೌತಾಲಿನಲ್ಲಿ ಮಾತ್ರ ಹಳೆಯ ಕಥೆ ಹೊಸ ಪಾತ್ರಗಳೊಡನೆ ಮರಳಿತು. ಕಾಗದಪತ್ರವಿಲ್ಲದೆ ಬಂದು ಕಟ್ಟಡದ ಕೆಲಸದಲ್ಲಿ ದುಡಿಯುತ್ತಿದ್ದ, ಅಲ್ಲಿಯವರು ‘ಫೌಜಿ’ಗಳೆಂದು ಕರೆಯುವ ಪಂಜಾಬಿ ಹುಡುಗರು, ಕೆಲಸ ನಿಂತಾಗ ಬೀದಿಯಲ್ಲಿ ಮಲಗಿ, ಗುರುದ್ವಾರದ ಲಂಗರಿನ ಉಚಿತ ಊಟವನ್ನುಂಡು, ಅಗ್ಗದ ಮದ್ಯದಲ್ಲಿ ಮುಳುಗಿದರು. ಪಾಸ್‌ಪೋರ್ಟನ್ನು ಹರಿದೊಗೆದವನು ಸತ್ತರೆ ಅವನನ್ನು ಯಾವ ದೇಶದಲ್ಲಿ ಹುಟ್ಟಿದವನೆಂದು ಬರೆಯುವುದು?

ಕಾನೂನು, ಅಂಗಡಿ

ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ವಲಸಿಗರಿಗೂ ನೆಲದ ಮಕ್ಕಳಿಗೂ ನಡುವಿನ ಈ ಏರಿಳಿತಗಳು ನಿಧಾನವಾಗಿ ಸಮನಾಗುತ್ತ ಬರುವುದನ್ನು ಸ್ವೀಡನ್ನಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕಂಡಿದ್ದಾರೆ. ಹೆಚ್ಚು ಕುಡಿಯುತ್ತಿದ್ದವರ ಮಕ್ಕಳು ಸ್ವಲ್ಪ ಇಳಿಯುತ್ತಾರೆ, ಕುಡಿಯದಿದ್ದವರ ಮಕ್ಕಳು ಸ್ವಲ್ಪ ಏರುತ್ತಾರೆ. ಕೊನೆಗೆ ಎಲ್ಲರೂ ಆ ನೆಲದ ಸಾಮಾನ್ಯ ರೂಢಿಯ ಸಮೀಪಕ್ಕೆ ಬರುತ್ತಾರೆ. ಐರಿಷರು ಇದಕ್ಕೆ ಅಪವಾದ. ಅವರ ಅನಾರೋಗ್ಯ ಎರಡನೆಯ ತಲೆಮಾರಿನಲ್ಲಿಯೂ ಬೆನ್ನು ಬಿಡಲಿಲ್ಲ. ಆ ಸಾಮಾನ್ಯ ರೂಢಿಯೇ ರೋಗಗ್ರಸ್ತವಾಗಿರುವ ನಾಡಿನಲ್ಲಿ, ವಲಸಿಗನು ಚೆನ್ನಾಗಿ ಬೆರೆತುಹೋದನೆಂಬುದು ಅವನ ಯಕೃತ್ತಿನ ಮಟ್ಟಿಗೆ ಸಂತೋಷದ ಸಮಾಚಾರವಲ್ಲ.

ಆದುದರಿಂದ ಸ್ಕಾಟ್ಲೆಂಡ್ ಹುಟ್ಟೂರನ್ನು ಕೇಳುವ ಗೋಜಿಗೆ ಹೋಗದೆ ಬಾಟಲಿಯ ಬೆಲೆಗೇ ಕೈಹಾಕಿತು. ವಿಸ್ಕಿ ತಯಾರಕರ ಸಂಘ ಹೂಡಿದ ವ್ಯಾಜ್ಯ ವರ್ಷಗಟ್ಟಲೆ ನಡೆದು, 2017ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮೇಲೆ, 2018ರ ಮೇ 1ರಿಂದ ಯೂನಿಟ್ಟಿಗೆ 50 ಪೆನ್ಸಿಗಿಂತ ಕಡಮೆಗೆ ಯಾವ ಮದ್ಯವನ್ನೂ ಮಾರಕೂಡದೆಂಬ ನಿಯಮ ಜಾರಿಗೆ ಬಂದಿತು. ಶೇ. 7.5ರ ಮದ್ಯಸಾರವಿರುವ ಮೂರು ಲೀಟರಿನ ಸೈಡರ್ ಸೀಸೆಯಲ್ಲಿ ಇಪ್ಪತ್ತೆರಡೂವರೆ ಯೂನಿಟ್ಟು. ಕೆಲವೇ ಪೌಂಡುಗಳಿಗೆ ಸಿಗುತ್ತಿದ್ದ ಅದು 11 ಪೌಂಡು 25 ಪೆನ್ಸಾಯಿತು. 2020ರ ಕೊನೆಯವರೆಗಿನ ಲೆಕ್ಕವನ್ನು ಪರಿಶೀಲಿಸಿ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆ ನಿಯಮವಿಲ್ಲದಿದ್ದರೆ ಆಗಬಹುದಾಗಿದ್ದುದಕ್ಕಿಂತ ಮದ್ಯವೇ ನೇರ ಕಾರಣವಾದ ಸಾವುಗಳು ಶೇ. 13.4ರಷ್ಟು ಕಡಮೆಯಾಗಿದ್ದವು, ಹೆಚ್ಚು ಪ್ರಯೋಜನ ಕಂಡದ್ದು ಬಡವರ ಕೇರಿಗಳಲ್ಲಿ. 2024ರ ಸೆಪ್ಟೆಂಬರ್ 30ರಿಂದ ಆ ದರವನ್ನು 65 ಪೆನ್ಸಿಗೆ ಏರಿಸಿದ್ದಾರೆ. ಈಗ ಅಲ್ಲಿ 70 ಸೆಂಟಿಲೀಟರಿನ ಸಾಧಾರಣ ವಿಸ್ಕಿ ಬಾಟಲಿ 18 ಪೌಂಡು 20 ಪೆನ್ಸಿಗಿಂತ ಕೆಳಗೆ ಇಳಿಯುವಂತಿಲ್ಲ.

ವೇಲ್ಸ್ 2020ರಲ್ಲಿ ಇದೇ ಹಾದಿಯನ್ನು ಹಿಡಿಯಿತು. ಆದರೆ ಇಂಗ್ಲೆಂಡ್ ಅಂಥ ಕನಿಷ್ಠ ಬೆಲೆಯ ಕಾನೂನನ್ನು ಮಾಡಿಲ್ಲ. ಬರ್ಮಿಂಗ್‌ಹ್ಯಾಮೂ ಸ್ಮೆದಿಕ್ಕೂ ಸೌತಾಲೂ ಇರುವುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಬೀದಿಮೂಲೆಗಳಲ್ಲಿ ರಾತ್ರಿ ಹತ್ತರವರೆಗೆ ದೀಪ ಹೊತ್ತಿರುವ ಮದ್ಯದ ಚಿಲ್ಲರೆ ಅಂಗಡಿಗಳಲ್ಲಿ ಎಷ್ಟೋ ಅಂಗಡಿಗಳು, ಫೌಂಡ್ರಿ ಮುಚ್ಚಿದ ಮೇಲೆ ಕೈಗೆ ಬಂದ ಪರಿಹಾರದ ಹಣದಿಂದ ಪಂಜಾಬಿ ಕುಟುಂಬಗಳೇ ಇಟ್ಟುಕೊಂಡವು. ಹೆಂಡತಿ ಗಲ್ಲಾದಲ್ಲಿ, ಮಗ ಗೋದಾಮಿನಲ್ಲಿ, ತಂದೆ ಹಿಂದಿನ ಕೋಣೆಯಲ್ಲಿ. ಸ್ಕಾಟ್ಲೆಂಡಿನ ಕಾನೂನು ಇಂಗ್ಲೆಂಡಿಗೆ ಬರುವ ದಿನ ಬಂದರೆ, ಬೆಳಗ್ಗೆ ಏಣಿ ಹತ್ತಿ ಸೈಡರಿನ ಸೀಸೆಗಳ ಬೆಲೆಚೀಟಿಯನ್ನು ಬದಲಿಸಬೇಕಾದವರಲ್ಲಿ ಆ ಮಗನೂ ಒಬ್ಬ.